ಎಂಜಿನ್ನಿಗೂ ಚೇಣಿ ಅಂದಾಜು

ಅಡಿಕೆ ಮರದ ಬುಡದಲ್ಲಿ ನಿಂತು, ತಲೆ ಎತ್ತಿ ನೋಡಿ, ಈ ತೋಟಕ್ಕೆ ಇಷ್ಟು ಕ್ವಿಂಟಾಲ್ ಎಂದು ಹೇಳುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಹೇಳಿದ್ದು ಸರಿ ಬರುವುದು ಕೆಲವರದ್ದು ಮಾತ್ರ. ಆ ಕೆಲವರಲ್ಲಿ ನಮ್ಮ ದೊಡ್ಡಪ್ಪ ಒಬ್ಬರು. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಒಂದು ಕಾಲದಲ್ಲಿ ಹೆಮ್ಮೆ ಇತ್ತು.

ಕೊಯ್ಲಿಗೆ ಮುಂಚೆ, ಫಸಲು ಇನ್ನೂ ಮರದ ಮೇಲೆ ಇರುವಾಗಲೇ ತೋಟವನ್ನು ವಹಿಸಿಕೊಡುವುದಕ್ಕೆ ಚೇಣಿ ಎನ್ನುತ್ತಾರೆ. ಎಷ್ಟು ಅಡಿಕೆ ಇಳಿಯಬಹುದು ಎಂದು ಮೊದಲೇ ಅಂದಾಜು ಕಟ್ಟಿ ಮಾತಾಡಬೇಕು. ತೋಟದವನು ಹೆಚ್ಚು ಹೇಳುತ್ತಾನೆ, ಚೇಣಿ ಹಿಡಿಯುವವನು ಕಡಿಮೆ ಹೇಳುತ್ತಾನೆ. ಇಬ್ಬರಿಗೂ ಹೊಂದದಿದ್ದರೆ ನಮ್ಮ ಕಡೆ ಮೂವರನ್ನು ಕರೆಸುವ ಪದ್ಧತಿ. ಮೂವರೂ ತೋಟ ಸುತ್ತಿ ಬಂದು ಒಂದೊಂದು ಅಂಕಿ ಹೇಳುತ್ತಾರೆ. ಮೇಲಿನದನ್ನೂ ಕೆಳಗಿನದನ್ನೂ ಬಿಟ್ಟು ನಡುವಿನದನ್ನು ಹಿಡಿಯುವುದು. ಎಲೆ ಅಡಿಕೆ ಹಾಕಿಕೊಂಡರೆ ಮಾತು ಮುಗಿಯಿತು. ಆಮೇಲೆ ಕೊಳೆರೋಗ ಬಂದು ಕಾಯಿ ಉದುರಲಿ, ಇಲ್ಲವೇ ಫಸಲು ಎರಡರಷ್ಟು ಬರಲಿ, ಆಡಿದ ಅಂಕಿ ಬದಲಾಗುವುದಿಲ್ಲ. ಅಡಿಕೆಗೆ ಇದು ಸರಿಯೇ, ಬೇರೆ ದಾರಿಯೂ ಇಲ್ಲ. ಆದರೆ ಇದೇ ಪದ್ಧತಿಯನ್ನು ಕಾರಿನ ಎಂಜಿನ್ನಿಗೆ ಹಚ್ಚಿದ ಮಹಾನುಭಾವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ನಮ್ಮ ಕೊಪ್ಪದ ಕಾರು ಕ್ಲಬ್ಬಿನವರು.

ನನಗೆ ಕಾರು ಓಡಿಸಲು ಕಲಿಸಿದ್ದು ದೊಡ್ಡಪ್ಪಯ್ಯನೇ. ಅವರ ಎಡ ಮೊಣಕಾಲು ಬಾತು ಕ್ಲಚ್ ತುಳಿಯುವುದು ಆಗದೆ ಹೋಯಿತು. ಮನೆಯಲ್ಲಿ ಗಂಡು ಮಕ್ಕಳು ಇರಲಿಲ್ಲವೆಂದಲ್ಲ. ಇಬ್ಬರಿದ್ದರು, ಇಬ್ಬರೂ ಬಿಸಿಲು ಅಂಗಳಕ್ಕೆ ಬರುವ ತನಕ ಏಳುತ್ತಿರಲಿಲ್ಲ. ಅಂದಾಜಿಗೆ ಹೋಗುವವರು ಬೆಳಿಗ್ಗೆಯೇ ಹೊರಡಬೇಕು, ಬಿಸಿಲೇರಿದರೆ ಗೊನೆಯ ಕಡೆ ತಲೆ ಎತ್ತಲಾಗುವುದಿಲ್ಲ. ಹಾಗಾಗಿ ಅದು ನನ್ನ ಪಾಲಿಗೆ ಬಂತು. ಶೆಟ್ಟಿಕೊಪ್ಪದಿಂದ ಹೊರಟು ಒಂದು ದಿನ ಸೀತೂರು, ಒಂದು ದಿನ ಶೃಂಗೇರಿ ಕಡೆ, ಇನ್ನೊಂದು ದಿನ ಬಾಳೆಹೊನ್ನೂರು. ಅವರು ಎಡಗಡೆ ಸೀಟಿನಲ್ಲಿ ಕಾಲು ಚಾಚಿಕೊಂಡು ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು, ನಾನು ತಿರುವುಗಳನ್ನು ತೆಗೆಯುತ್ತಿದ್ದೆ. ಸುಣ್ಣ ಬೆರಳಿಂದ ಜಾರಬಾರದು, ಹಾಗೆ ಓಡಿಸಬೇಕು ಎನ್ನುವುದು ಅವರು ಕಲಿಸಿದ ಪಾಠ. ಸುಣ್ಣ ಜಾರದಂತೆ ಓಡಿಸುವುದು ಬಂದ ಮೇಲೆ, ಸುಣ್ಣ ಜಾರದಂತೆ ಜೋರಾಗಿ ಓಡಿಸುವುದನ್ನು ನಾನೇ ಕಲಿತೆ.

ಕಾರು ಹಳೆಯದು, ಸಣ್ಣದು, ಸಾವಿರ ಸಿಸಿಯದು. ಹಿಂದಿನ ಸೀಟು ಕಿತ್ತು, ಕಾರ್ಬುರೇಟರ್ ಸರಿ ಮಾಡಿಸಿ, ಟಯರ್ ಬದಲಾಯಿಸಿ ಅದನ್ನು ನಾನು ಒಂದು ಹದಕ್ಕೆ ತಂದಿದ್ದೆ. ದೊಡ್ಡಪ್ಪಯ್ಯ ನೋಡಿಯೂ ನೋಡದವರ ಹಾಗೆ ಇದ್ದರು. ಕೊಪ್ಪದ ಹತ್ತಿರ ಕೊಯ್ಲು ಮುಗಿದ ಗದ್ದೆಯಲ್ಲಿ ಬಾಳೆದಿಂಡು ಚುಚ್ಚಿ, ಹಗ್ಗ ಕಟ್ಟಿ ವರ್ಷಕ್ಕೊಮ್ಮೆ ಕಾರು ಓಡಿಸುವ ಸ್ಪರ್ಧೆ ಆಗುತ್ತಿತ್ತು. ಒಂದೊಂದೇ ಕಾರು ಬಿಡುವುದು, ಗಡಿಯಾರ ಹಿಡಿದು ಸಮಯ ನೋಡುವುದು. ಹಿಂದಿನ ವರ್ಷ ಸ್ಪರ್ಧೆಯ ಹಿಂದಿನ ದಿನ, ಗದ್ದೆ ಖಾಲಿ ಇದ್ದಾಗ ನಾನು ಸುಮ್ಮನೆ ಒಂದು ಸುತ್ತು ಹೊಡೆದಿದ್ದೆ. ಹಗ್ಗ ಕಟ್ಟುತ್ತಿದ್ದವರು ತಮಾಷೆಗೆ ಗಡಿಯಾರ ಒತ್ತಿದ್ದರು. ಮಾರನೆಯ ದಿನ ಸಣ್ಣ ಕಾರುಗಳಲ್ಲಿ ಗೆದ್ದವನ ಸಮಯ ನನ್ನದಕ್ಕಿಂತ ಕಳಪೆ. ಅದು ಎಲ್ಲರಿಗೂ ಗೊತ್ತಾಯಿತು, ಯಾರೂ ಆ ಮಾತು ಆಡಲಿಲ್ಲ.

ನಾನು ಹೇಳುತ್ತಿರುವ ವರ್ಷ, ಅಂದರೆ ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದಾಗ, ಕ್ಲಬ್ಬಿನವರು ಒಂದು ಹೊಸ ವಿಷಯ ಸಾರಿದರು. ಸಣ್ಣ ವರ್ಗದಲ್ಲಿ ಗೆದ್ದವರನ್ನು ಕ್ಲಬ್ಬಿನ ತಂಡಕ್ಕೆ ಸೇರಿಸಿ, ಘಟ್ಟದ ಮೇಲಿನ ದೊಡ್ಡ ರ‍್ಯಾಲಿಗೆ ಕಳಿಸುತ್ತಾರಂತೆ. ಜಾಗ ಒಂದೇ. ಅದು ನನಗೆ ಬೇಕಾಗಿತ್ತು. ಊಟ ನಿದ್ದೆ ಬಿಟ್ಟು ಬೇಕಾಗಿತ್ತು. ಜೀವಮಾನವಿಡೀ ಯಾರದ್ದೋ ಸುಣ್ಣ ಕಾಯುತ್ತಾ ಓಡಿಸುವುದಲ್ಲ, ನನಗಾಗಿ ಒಂದು ಸಲ ಓಡಿಸಬೇಕು.

ಕ್ಲಬ್ಬಿನ ಅಧ್ಯಕ್ಷರಿಗೆ ಕಾಫಿ ತೋಟ ಇತ್ತು, ಹೊಟ್ಟೆ ಇತ್ತು, ಮಗ ಇದ್ದ. ಮೂರರ ಮೇಲೂ ಅವರಿಗೆ ಒಂದೇ ಸಮನಾದ ಅಭಿಮಾನ. ಮಗರಾಯ ಕೈಗವಸು ಹಾಕಿಕೊಂಡು ಕಾರು ಓಡಿಸುತ್ತಿದ್ದ. ಕೊಪ್ಪದ ಸಂತೆಯ ದಿನ ಅವನು ಕಾರನ್ನು ಹಿಂದಕ್ಕೆ ತೆಗೆಯಬೇಕಾದರೆ ಬಾಳೆಕಾಯಿ ಮಾರುವವರು ಎದ್ದು ಬಂದು ಬಲಕ್ಕೆ, ಎಡಕ್ಕೆ, ಸಾಕು ಸಾಕು ಎಂದು ಕೂಗಬೇಕಾಗುತ್ತಿತ್ತು. ಇಂಥ ವೀರನಿಗೆ ಅಪ್ಪ ಒಂದು ಹೊಸ ಕಾರು ಬುಕ್ ಮಾಡಿದ್ದರು. ಇನ್ನೂ ಮಾರುಕಟ್ಟೆಗೆ ಬಾರದ ಕಾರು. ಕಂಪನಿಯವರು ಹೆಸರು ಹೇಳಿದ್ದರು, ಬಣ್ಣ ಹೇಳಿದ್ದರು, ಎಂಜಿನ್ನಿನ ಶಕ್ತಿ ಎಷ್ಟು ಎನ್ನುವುದನ್ನು ಮಾತ್ರ ಬಿಡುಗಡೆಯ ದಿನವೇ ಹೇಳುತ್ತೇವೆ ಎಂದು ಬಾಯಿ ಮುಚ್ಚಿಕೊಂಡಿದ್ದರು. ಓಟದ ಕಾರಿನಂಥ ಕಾರಂತೆ, ಮನೆ ಮಂದಿಯೂ ಕೂರಬಹುದಂತೆ.

ಆ ಒಂದು ಗುಟ್ಟು ಸಾಕಾಯಿತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಂಬ ನಮ್ಮ ಮೂರು ತಾಲ್ಲೂಕಿಗೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಕೆಲಸ ಎಲ್ಲ ಹೋಟೆಲಿನಲ್ಲೂ ಶುರುವಾಯಿತು. ಬಾಳೆಹೊನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ, ಹೊಗೆಕೊಳವೆ ಎರಡು ಇರುವುದರಿಂದ ಶಕ್ತಿಯೂ ಎರಡರಷ್ಟು ಎಂದ. ಶೃಂಗೇರಿಯಲ್ಲಿ ಇನ್ನೊಬ್ಬ, ಕಾರು ಕೆಂಪು ಇದ್ದರೆ ಹತ್ತು ಎಚ್‌ಪಿ ಹೆಚ್ಚು ಎಂದ. ಅವನು ತಮಾಷೆ ಮಾಡಿದನೋ ನಿಜವಾಗಿ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಟಾರ್ಕ್ ಎಂದರೆ ಏನು ಎಂದು ಕೇಳಿದರೆ ಎಲ್ಲರೂ ಕಾಫಿ ಲೋಟದ ಕಡೆ ನೋಡುತ್ತಿದ್ದರು. ಅಯ್ಯೋ, ಅದೇನು ಬ್ರಹ್ಮವಿದ್ಯೆಯೇ? ಬಾವಿಯಿಂದ ತುಂಬಿದ ಕೊಡ ಎಳೆಯುವ ತೋಳಿನ ಬಲ ಟಾರ್ಕ್. ಅದೇ ತೋಳು ಎಷ್ಟು ಬೇಗ ಬೇಗ ಕೊಡ ಎತ್ತಿತು ಎನ್ನುವುದೂ ಸೇರಿದರೆ ಎಚ್‌ಪಿ. ಗದ್ದೆಯ ಮೆದು ಮಣ್ಣಿನಲ್ಲಿ ಕಾರು ಕಿತ್ತುಕೊಂಡು ಮೇಲೇಳಬೇಕಾದರೆ ತೋಳು ಬೇಕು. ನೇರ ದಾರಿಯಲ್ಲಿ ಹಾರಬೇಕಾದರೆ ಎಚ್‌ಪಿ ಬೇಕು.

ಕ್ಲಬ್ಬಿನವರಿಗೆ ಎಚ್‌ಪಿ ಎಂಬ ಒಂದು ಪದ ಗೊತ್ತಿತ್ತು, ಅದೂ ಪಂಪ್‌ಸೆಟ್ಟಿನ ದಯೆಯಿಂದ. ಬೇರೆ ಕಡೆ ಸಿಸಿ ನೋಡಿ ಕಾರುಗಳನ್ನು ವರ್ಗ ಮಾಡುತ್ತಾರೆ. ನಮ್ಮಲ್ಲಿ ಒಂದು ಜೀಪಿನ ಹೊಟ್ಟೆಯಲ್ಲಿ ಇನ್ನೊಂದು ಜೀಪಿನ ಎಂಜಿನ್ ಇರುವುದು ಸಾಮಾನ್ಯವಾದ್ದರಿಂದ ಸಿಸಿಯನ್ನು ಯಾರೂ ನಂಬುತ್ತಿರಲಿಲ್ಲ. ಅದಕ್ಕೆ ಎಂಬತ್ತು ಎಚ್‌ಪಿಗೆ ಗೆರೆ ಎಳೆದಿದ್ದರು. ಎಂಬತ್ತರ ಒಳಗಿನದು ಸಣ್ಣ ವರ್ಗ, ಮೇಲಿನದು ದೊಡ್ಡ ವರ್ಗ. ನನ್ನದು ಅರವತ್ತರ ಆಸುಪಾಸು. ಈಗ ಅಧ್ಯಕ್ಷರ ಮಗನ ಕಾರು ಗೆರೆಯ ಯಾವ ಕಡೆ? ಸ್ಪರ್ಧೆಯ ಕರಪತ್ರ ಅಚ್ಚಿಗೆ ಹೋಗಬೇಕು, ಕಂಪನಿ ಬಾಯಿ ಬಿಡುತ್ತಿಲ್ಲ. ಅಧ್ಯಕ್ಷರು ಏನೋ ಹೊಳೆದವರಂತೆ ಹೇಳಿದರಂತೆ, "ಅದಕ್ಕೆಂಥ, ಚೇಣಿ ಅಂದಾಜು ಮಾಡ್ಸುವ. ಮೂರು ಜನರನ್ನ ಕೂರ್ಸುವ, ನಡುವಿನದ್ದು ಹಿಡಿಯುವ." ಸಭೆಯಲ್ಲಿದ್ದವರೆಲ್ಲ ಭೇಷ್ ಎಂದರಂತೆ. ಒಬ್ಬನಿಗೂ ನಗು ಬರಲಿಲ್ಲವೆಂದರೆ ಆ ಸಭೆಯ ಯೋಗ್ಯತೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಮೂವರಲ್ಲಿ ಒಬ್ಬರು ಬಾಳೆಹೊನ್ನೂರಿನ ಕಾಫಿ ವ್ಯಾಪಾರಿ, ಅಧ್ಯಕ್ಷರ ಜೀವದ ಗೆಳೆಯ. ಇನ್ನೊಬ್ಬರು ನರಸಿಂಹರಾಜಪುರದ ಪಂಪ್‌ಸೆಟ್ ಅಂಗಡಿಯವರು. ಮೂರನೆಯವರು ನಮ್ಮ ದೊಡ್ಡಪ್ಪಯ್ಯ. ಅವರ ಹೆಸರು ಕೇಳಿದಾಗ ನನಗೆ ಜೀವ ಬಂತು. ಸ್ವಂತ ಭಾವನ ತೋಟಕ್ಕೂ ಅಂಕಿಯಲ್ಲಿ ಒಂದು ಕೆಜಿ ಆಚೀಚೆ ಮಾಡದವರು, ಆ ಕಾರಣಕ್ಕೇ ಭಾವನ ಮನೆಯ ಮದುವೆಗೆ ಕರೆ ಇಲ್ಲದೆ ಕೂತವರು.

ಸಭೆಗೆ ಹೋಗುವ ದಿನ ಕೊಪ್ಪದ ದಾರಿಯಲ್ಲಿ ಅವರ ಕೈಗೆ ಕಾರಿನ ಪತ್ರಿಕೆ ಕೊಟ್ಟೆ. ಕಪ್ಪು ಪಟ್ಟಿ ಸುತ್ತಿ ಮುಖ ಮುಚ್ಚಿದ ಹೊಸ ಕಾರಿನ ಕಳ್ಳ ಫೋಟೋ ಅದರಲ್ಲಿತ್ತು. ಕನ್ನಡಕ ಹಣೆಗೆ ಏರಿಸಿ, ಪತ್ರಿಕೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಗೊನೆ ನೋಡಬಾರ್ದು ಮಾರಾಯ್ತಿ, ಬುಡ ನೋಡ್ಬೇಕು. ಈ ಟಯರು ಎಷ್ಟು ಅಗಲ ಇದೆ ನೋಡಿದ್ಯಾ? ಇಷ್ಟು ಅಗಲದ್ದು ಸುಮ್ನೆ ಹಾಕ್ಲಿಕ್ಕೆ ಕಂಪನಿಯವ್ರಿಗೆ ತಲೆ ಕೆಟ್ಟಿಲ್ಲ. ಮುಂದೆ ಗಾಳಿ ಹೋಗುವ ಬಾಯಿ ನೋಡು, ಎಮ್ಮೆ ಕರು ತೂರ್ತದೆ. ಬಿಸಿ ಜಾಸ್ತಿ ಆಗುವ ಎಂಜಿನ್ನಿಗೇ ಅಷ್ಟು ದೊಡ್ಡ ರೇಡಿಯೇಟರ್. ಬ್ರೇಕೂ ದೊಡ್ಡದು. ಎಷ್ಟು ಸುತ್ತು ತಿರುಗ್ತದಂತೆ?"

"ಮೀಟರಿನ ಫೋಟೋದಲ್ಲಿ ಕೆಂಪು ಗೆರೆ ಆರೂವರೆ ಸಾವಿರದಿಂದ ಶುರು."

"ಹಾಗಾದ್ರೆ ಐದೂವರೆಯಲ್ಲಿ ಪೂರಾ ಜೋರು. ಟಾರ್ಕು ಹದಿಮೂರಕ್ಕೆ ಕಮ್ಮಿ ಇಲ್ಲ. ಎಚ್‌ಪಿ ನೂರು. ಬೇಕಾದ್ರೆ ಒಂದು ಮೇಲೆ ಇರ್ಬಹುದು, ಒಂದು ಕೆಳಗೆ ಇಲ್ಲ."

ಹದಿಮೂರು ಕೆಜಿ-ಮೀಟರ್ ಟಾರ್ಕನ್ನು ಐದೂವರೆ ಸಾವಿರ ಸುತ್ತಿನ ತನಕ ಹಿಡಿದಿಟ್ಟರೆ ಎಷ್ಟು ಎಚ್‌ಪಿ ಆಗುತ್ತದೆ ಎಂದು ನಾನೂ ಅದೇ ಫೋಟೋಗಳನ್ನು ನೋಡಿ ಹಿಂದಿನ ದಿನವೇ ಗುಣಿಸಿ ಭಾಗಿಸಿ ನೋಡಿದ್ದೆ. ನೂರಕ್ಕೆ ಒಂದು ಕೂದಲು ಕಡಿಮೆ. ಗಣಿತ ಇಲ್ಲದೆ ಅವರು ಅಲ್ಲಿಗೇ ಬಂದು ನಿಂತಿದ್ದರು. ಖುಷಿಯಿಂದ ನನಗೆ ನಗು ತಡೆಯಲಾಗಲಿಲ್ಲ. ನೂರು ಎಂದರೆ ದೊಡ್ಡ ವರ್ಗ. ಅಧ್ಯಕ್ಷರ ಮಗ ಜೀಪುಗಳ ನಡುವೆ ಕೈಗವಸು ಹಾಕಿಕೊಂಡು ಪರದಾಡುತ್ತಾನೆ, ಸಣ್ಣ ವರ್ಗ ನನ್ನದು.

ಸಭೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮಹಡಿಯಲ್ಲಿ. ದೊಡ್ಡಪ್ಪಯ್ಯನನ್ನು ಮೆಟ್ಟಿಲು ಹತ್ತಿಸಬೇಕಾದ್ದರಿಂದ ನಾನೂ ಹೋದೆ. ಇಲ್ಲದಿದ್ದರೆ ಆ ಮಹಡಿಗೆ ಹೆಂಗಸರ ಪ್ರವೇಶ ಇರಲಿಲ್ಲ. ಹಾಗೆಂದು ಯಾರೂ ಬೋರ್ಡು ಹಾಕಿರಲಿಲ್ಲ, ಆದರೆ ನಾನು ಕೂತ ಕೂಡಲೇ ಎಲ್ಲರೂ ಒಮ್ಮೆ ಗಂಟಲು ಸರಿ ಮಾಡಿಕೊಂಡರು.

ಮೊದಲು ಕಾಫಿ ವ್ಯಾಪಾರಿ. ಕಾರಿನ ಪತ್ರಿಕೆ ತರಿಸುತ್ತಾರೆಂಬ ಒಂದೇ ಕಾರಣಕ್ಕೆ ಅವರು ಪಂಡಿತರು. "ಪತ್ರಿಕೆಯವ್ರು ತೊಂಬತ್ತು ಅಂದಾಜು ಮಾಡಿದಾರೆ. ಆದ್ರೆ ಅದು ಹಸಿ ಲೆಕ್ಕ. ಎಂಜಿನ್ನಿಂದ ಚಕ್ರಕ್ಕೆ ಬರ್ಬೇಕಾದ್ರೆ ಗೇರು, ಗೀರು ಅಂತ ಸೋರ್ತದೆ. ಹಸಿ ಕಾಫಿ ಒಣಗಿದ ಮೇಲೆ ತೂಕ ಇಳಿಯದಿಲ್ವಾ? ಹಾಗೆ. ಐದ್ರಲ್ಲಿ ಒಂದು ಪಾಲು ಕಳೀರಿ. ಎಪ್ಪತ್ತೆರಡು."

ಸೋರುವುದು ನಿಜ. ಆದರೆ ಎಲ್ಲರದ್ದೂ ಸೋರುತ್ತದೆಯಲ್ಲ! ಉಳಿದ ಕಾರುಗಳನ್ನೆಲ್ಲ ಕಂಪನಿ ಹೇಳಿದ ಹಸಿ ಲೆಕ್ಕದಲ್ಲೇ ಬರೆದಿದ್ದರು. ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನನ್ನ ಕಾರಿಂದೂ ಕಳೀಬೇಕಲ್ಲ?" ಎಂದೆ.

"ನಿಮ್ದು ಹಳೇ ಕಾರು. ಅದು ಒಣಗಿ ಯಾವ ಕಾಲ ಆಯ್ತು," ಎಂದರು. ಮಹಡಿ ತುಂಬ ನಗು. ಅಧ್ಯಕ್ಷರ ಹೊಟ್ಟೆ ಕುಲುಕಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಪಂಪ್‌ಸೆಟ್ ಅಂಗಡಿಯವರು. ಅವರು ಪ್ರಾಮಾಣಿಕರು, ಪಾಪ, ಆದರೆ ತಲೆಯೊಳಗೆ ಪಂಪು ಬಿಟ್ಟು ಬೇರೇನೂ ಇರಲಿಲ್ಲ. "ಹದಿನಾರು ವಾಲ್ವ್ ಇದೆಯಂತೆ. ವಾಲ್ವಿಗೆ ಐದು ಎಚ್‌ಪಿ ಹಿಡೀರಿ, ಎಂಬತ್ತು ಆಯ್ತು. ಪ್ಲೇಟಲ್ಲಿ ಬರೆದಿದ್ದಕ್ಕಿಂತ ಮೋಟಾರು ಯಾವಾಗ್ಲೂ ಸ್ವಲ್ಪ ಜಾಸ್ತಿಯೇ ಎಳೀತದೆ, ಅದು ನನ್ನ ಅನುಭವ. ತೊಂಬತ್ತು ಅಂತ ಬರ್ಕೊಳ್ಳಿ." ವಾಲ್ವಿಗೆ ಐದು ಎಚ್‌ಪಿ! ಕೇಳಿ ನನ್ನ ತಲೆ ಬಿಸಿಯಾಯಿತು. ಕುರುಡು ಲೆಕ್ಕವಾದರೂ ಗೆರೆಯಿಂದ ಮೇಲೆ ಬಿದ್ದಿತ್ತು. ಇನ್ನು ದೊಡ್ಡಪ್ಪಯ್ಯ ನೂರು ಎಂದರೆ ನಡುವಿನದು ತೊಂಬತ್ತು. ಮುಗಿಯಿತು.

ದೊಡ್ಡಪ್ಪಯ್ಯ ಎಲೆಯ ತೊಟ್ಟು ಮುರಿದರು. ನನ್ನ ಕಡೆ ನೋಡಲಿಲ್ಲ.

"ಎಪ್ಪತ್ತೆಂಟು," ಎಂದರು.

ಕಿವಿ ಮುಚ್ಚಿ ತೆರೆದಂತಾಯಿತು. ಎಪ್ಪತ್ತೆರಡು, ಎಪ್ಪತ್ತೆಂಟು, ತೊಂಬತ್ತು. ನಡುವಿನದು ಎಪ್ಪತ್ತೆಂಟು. ಅಧ್ಯಕ್ಷರ ಮಗನ ಕಾರು ಸಣ್ಣ ವರ್ಗಕ್ಕೆ ಬಂದು ಕೂತಿತು. ತಟ್ಟೆಯಲ್ಲಿ ಎಲೆ ಅಡಿಕೆ ಸುತ್ತು ಬಂತು.

"ದೊಡ್ಡಪ್ಪಯ್ಯ, ಬರ್ತಾ ಕಾರಲ್ಲಿ ಎಷ್ಟು ಹೇಳಿದ್ರಿ?" ಎಂದು ಎಲ್ಲರ ಎದುರಿಗೇ ಕೇಳಿದೆ.

"ಕಾರಲ್ಲಿ ಹೇಳಿದ್ದು ಕಾರಿಗೆ. ಇಲ್ಲಿ ಹೇಳಿದ್ದು ಇಲ್ಲಿಗೆ," ಎಂದು ಅಡಿಕೆ ಬಾಯಿಗೆ ಹಾಕಿಕೊಂಡರು. ಅಧ್ಯಕ್ಷರು ಅವರ ಭುಜ ತಟ್ಟಿ, "ಅಂದಾಜು ಅಂದ್ರೆ ನಿಮ್ದು ಮಾರಾಯ್ರೆ," ಎಂದರು.

ವಾಪಸು ಬರುವಾಗ ಲೆಕ್ಕ ಹಾಕಿದೆ. ಅಧ್ಯಕ್ಷರಿಗೆ ಕಾಫಿಯ ಜೊತೆ ಅಡಿಕೆ ತೋಟವೂ ಇತ್ತು, ಅದರ ಅಂದಾಜಿಗೆ ಪ್ರತಿ ವರ್ಷ ಕರೆಸುತ್ತಿದ್ದದ್ದು ದೊಡ್ಡಪ್ಪಯ್ಯನನ್ನೇ. ಓಹೋ, ಹೀಗೋ ವಿಷಯ ಎಂದುಕೊಂಡೆ. ಇಷ್ಟು ವರ್ಷದ ಸತ್ಯಸಂಧ ಒಂದು ಭುಜ ತಟ್ಟುವಿಕೆಗೆ ಬಗ್ಗಿದರಲ್ಲ ಎಂದು ಅಸಹ್ಯವಾಯಿತು. ಆಮೇಲಿನ ವಾರಗಳಲ್ಲಿ ಅವರನ್ನು ತೋಟದಿಂದ ತೋಟಕ್ಕೆ ಕರೆದೊಯ್ದೆ, ಬಾಯಿ ತೆರೆಯಲಿಲ್ಲ. ಅವರು ಗೊನೆ ನೋಡಿ ಅಂಕಿ ಹೇಳುವಾಗ ನಾನು ಬೇಕೆಂದೇ ಬೇರೆ ಕಡೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದೆ.

ಸ್ಪರ್ಧೆಗೆ ಸ್ವಲ್ಪ ದಿನ ಇರುವಾಗ ಕಾರು ಬಿಡುಗಡೆಯಾಯಿತು. ಪೇಪರಿನಲ್ಲಿ ದೊಡ್ಡದಾಗಿ ಬಂತು. ನೂರಾ ಒಂದು ಎಚ್‌ಪಿ. ಟಾರ್ಕ್ ಹದಿಮೂರಕ್ಕೆ ಸ್ವಲ್ಪ ಮೇಲೆ. ಒಂದು ಮೇಲೆ, ಒಂದು ಕೆಳಗೆ ಇಲ್ಲ! ಆ ಪೇಪರನ್ನು ಮಡಚಿಕೊಂಡು ನೆಟ್ಟಗೆ ಅಧ್ಯಕ್ಷರ ಮನೆಗೆ ಹೋದೆ. ಹೊಸ ಕಾರು ಅಂಗಳದಲ್ಲಿ ನಿಂತಿತ್ತು, ಮಗ ಅದಕ್ಕೆ ನಿಂಬೆಹಣ್ಣು ಕಟ್ಟುತ್ತಿದ್ದ.

"ಕಂಪನಿಯೇ ಹೇಳಿದೆಯಲ್ಲ ಸರ್, ನೂರಾ ಒಂದು. ಇನ್ನು ಇದು ಸಣ್ಣ ವರ್ಗ ಹೇಗಾಗ್ತದೆ?"

ಅಧ್ಯಕ್ಷರು ಪೇಪರನ್ನು ಮುಟ್ಟಲೂ ಇಲ್ಲ. "ಅಲ್ಲ ಮಾರಾಯ್ತಿ, ಚೇಣಿ ಮಾತಾದ ಮೇಲೆ ಫಸಲು ಜಾಸ್ತಿ ಬಂತು ಅಂತ ಯಾರಾದ್ರೂ ಅಂಕಿ ತಿದ್ತಾರಾ? ನಿಮ್ಮ ದೊಡ್ಡಪ್ಪನ್ನೇ ಕೇಳಿ. ಎಲೆ ಅಡಿಕೆ ಹಾಕಿ ಆಗಿದೆ."

"ಇದು ಅಡಿಕೆ ಅಲ್ಲ ಸರ್. ಕಾರು. ಇದಕ್ಕೆ ಕೊಳೆ ಬರದಿಲ್ಲ, ಇದು ಮರದ ಮೇಲೆ ಬಿಡದಿಲ್ಲ. ಎಷ್ಟಿದೆ ಅಂತ ಬರೆದೇ ಕಳಿಸಿದಾರೆ."

"ಕಂಪನಿ ಮಾತು ಕಂಪನಿಗೆ. ನಮ್ಮ ಕಡೆ ಹಿರಿಯರ ಮಾತಿಗೆ ಬೆಲೆ ಇದೆ," ಎಂದು ಅಧ್ಯಕ್ಷರು ಗಂಭೀರವಾದರು. ಆಮೇಲೆ ದೊಡ್ಡ ಮನಸ್ಸು ಮಾಡಿ, "ನಿಮಗೆ ಬೇಜಾರಾದ್ರೆ ಲೇಡೀಸ್ ಕ್ಲಾಸ್ ಇಡ್ಸಿದೇನೆ ಈ ಸಲ. ಒಂದೇ ಸುತ್ತು, ಕಷ್ಟ ಇಲ್ಲ. ಗೆದ್ದವ್ರಿಗೆ ಡಿನ್ನರ್ ಸೆಟ್," ಎಂದರು.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದರೆ ಇದೇ. ಡಿನ್ನರ್ ಸೆಟ್ಟಿನಲ್ಲಿ ನಿಮ್ಮ ಮಗನಿಗೆ ಹಾಲು ಅನ್ನ ಕಲಸಿ ತಿನ್ನಿಸಿ ಎಂದು ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಸ್ಪರ್ಧೆಯಿಂದಲೇ ತೆಗೆಯುತ್ತಾರೆಂದು ನುಂಗಿಕೊಂಡು, ಸಣ್ಣ ವರ್ಗದಲ್ಲೇ ನನ್ನ ಹೆಸರು ಇರಲಿ ಎಂದು ಬಂದೆ.

ಸ್ಪರ್ಧೆಯ ದಿನ ಗದ್ದೆಯ ಸುತ್ತ ಜನವೋ ಜನ. ದೊಡ್ಡಪ್ಪಯ್ಯನಿಗೆ ಪೆಂಡಾಲಿನ ಮುಂದಿನ ಸಾಲಿನಲ್ಲಿ ಕುರ್ಚಿ. ಎಲ್ಲರಿಗೂ ಎರಡೆರಡು ಸಲ ಅವಕಾಶ, ಒಳ್ಳೆಯ ಸಮಯ ಯಾವುದೋ ಅದು ಲೆಕ್ಕ. ಮೊದಲ ಸಲ ಅಧ್ಯಕ್ಷರ ಮಗ ಮೂರನೆಯ ತಿರುವಿನಲ್ಲಿ ಎರಡು ಬಾಳೆದಿಂಡು ಮುರಿದು ಹಗ್ಗ ಎಳೆದುಕೊಂಡು ಹೋದ. ಜನ ಹೋ ಎಂದರು. ನಾನು ಸಲೀಸಾಗಿ ಸುತ್ತಿ ಬಂದೆ. ಧ್ವನಿವರ್ಧಕದಲ್ಲಿ ನನ್ನ ಸಮಯ ಹೇಳಿದಾಗ ಸಣ್ಣ ವರ್ಗದಲ್ಲಿ ಅಲ್ಲಿಯ ತನಕ ಬಂದ ಎಲ್ಲರಿಗಿಂತ ಬಹಳ ಮುಂದೆ ಇತ್ತು. ಪಂಪ್‌ಸೆಟ್ ಅಂಗಡಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಧ್ಯಕ್ಷರು ನೋಡಿದ ಮೇಲೆ ಕೂತರು.

ಎರಡನೆಯ ಸಲ ಆ ಮಹಾಶಯ ನಿಧಾನವಾಗಿ, ಹೆದರಿ ಹೆದರಿ ತಿರುವು ತೆಗೆದ. ಒಂದೊಂದು ತಿರುವಿನಲ್ಲೂ ನಾನು ಅವನಿಗಿಂತ ಎಷ್ಟು ಬೇಗ ಹೊರಗೆ ಬಂದಿದ್ದೆ ಎಂದು ಕುರುಡನಿಗೂ ಕಾಣುತ್ತಿತ್ತು. ಆದರೆ ತಿರುವಿನಿಂದ ಹೊರಗೆ ಬಂದ ಮೇಲೆ ಅವನು ಮಾಡಬೇಕಾದದ್ದು ಒಂದೇ, ಬಲಗಾಲು ಒತ್ತುವುದು. ಹದಿಮೂರರ ಆ ಟಾರ್ಕು ಮೆದು ಮಣ್ಣಿನಿಂದ ಕಾರನ್ನು ಕಿತ್ತು ಎತ್ತುತ್ತಿತ್ತು. ಗದ್ದೆಯ ಬದುವಿನ ಪಕ್ಕದ ನೇರ ದಾರಿಗೆ ಬಂದಾಗ ನೂರಾ ಒಂದು ಎಚ್‌ಪಿ ಏನು ಎನ್ನುವುದನ್ನು ಕೂತವರೆಲ್ಲ ಕಿವಿಯಲ್ಲೇ ಕೇಳಿದರು. ಓಡಿಸಿದ್ದು ಎಂಜಿನ್ನು, ಅವನು ಒಳಗೆ ಕೂತಿದ್ದ ಅಷ್ಟೆ. ನನ್ನ ಎರಡನೆಯ ಸುತ್ತಿನಲ್ಲಿ ನಾನು ಪ್ರಾಣ ಕೈಯಲ್ಲಿ ಹಿಡಿದುಕೊಂಡು ಓಡಿಸಿದೆ. ಮೊದಲಿಗಿಂತ ಚೆನ್ನಾಗಿಯೇ ಬಂದೆ. ಆದರೂ ಅವನಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಿಂದೆ ಬಿದ್ದೆ. ಮೂರನೆಯವನು ನಮ್ಮಿಬ್ಬರಿಂದ ಎಲ್ಲೋ ಹಿಂದೆ.

ಅವನ ಕೊರಳಿಗೆ ಮಲ್ಲಿಗೆ ಹಾರ ಹಾಕಿದರು. ಅಧ್ಯಕ್ಷರು ಮೈಕು ಹಿಡಿದು, ಪ್ರತಿಭೆ ಇದ್ದರೆ ಹಳ್ಳಿಯಿಂದಲೂ ಮೇಲೆ ಬರಬಹುದು ಎಂದು ಭಾಷಣ ಮಾಡಿದರು. ರ‍್ಯಾಲಿಗೆ ಹೋಗುವ ಜಾಗ ಕೈಗವಸಿನವನದ್ದಾಯಿತು.

ಸಂಜೆ ಬಿಸಿಲು ಇನ್ನೂ ಇರುವಾಗಲೇ ದೊಡ್ಡಪ್ಪಯ್ಯನನ್ನು ಕೂರಿಸಿಕೊಂಡು ಹೊರಟೆ. ಇಷ್ಟು ದಿನ ಕಟ್ಟಿಟ್ಟ ಮಾತು ಕೊಪ್ಪ ದಾಟುತ್ತಲೇ ಒಡೆಯಿತು.

"ಅಧ್ಯಕ್ಷರ ಮುಖ ನೋಡಿ ಅಂಕಿ ಇಳಿಸಿದ್ರಲ್ಲ ದೊಡ್ಡಪ್ಪಯ್ಯ, ನಿಮಗೆ ನಾಚಿಕೆ ಆಗ್ಲಿಲ್ವಾ?"

ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ಅವನ ಮುಖಕ್ಕಾ? ಅವನ ಮುಖಕ್ಕೆ ನಾನು ಒಂದು ಉದುರಿದ ಗೋಟಡಿಕೆ ಸಮೇತ ಬಿಡದಿಲ್ಲ. ಎಂಥ ತಿಳ್ಕಂಡಿದೀಯ ನನ್ನ?"

"ಮತ್ತೆ ಎಂಥಕ್ಕೆ? ನೂರು ಅಂತ ಗೊತ್ತಿತ್ತಲ್ಲ ನಿಮಗೆ!"

"ಗೊತ್ತಿತ್ತು. ನಿಂದೂ ಅಂದಾಜು ಮಾಡಿದ್ದೆ." ಅವರ ದನಿ ತಣ್ಣಗಾಯಿತು, ತೋಟದ ಬದಿಯಲ್ಲಿ ನಿಂತು ಅಂಕಿ ಹೇಳುವಾಗಿನ ದನಿ. "ಆ ಕಾರು ದೊಡ್ಡ ವರ್ಗಕ್ಕೆ ಹೋಗಿದ್ರೆ ಸಣ್ಣದ್ರಲ್ಲಿ ನಿನ್ನ ಹಿಡಿಯವ್ರು ಈ ಮೂರು ತಾಲ್ಲೂಕಲ್ಲೇ ಇರ್ಲಿಲ್ಲ. ಗೆದ್ದೇ ಗೆಲ್ತಿದ್ದೆ. ಆಮೇಲೆ ರ‍್ಯಾಲಿ, ಅದಾದ ಮೇಲೆ ಇನ್ನೊಂದು ರ‍್ಯಾಲಿ. ಒಮ್ಮೆ ಹೋದೋಳು ತಿರುಗಿ ಬಂದು ಈ ಕುಂಟನ ಕರ್ಕಂಡು ತೋಟ ಸುತ್ತುತಿದ್ಯಾ? ಆ ಹುಡುಗನ ಕೈಗೂ ಆ ಎಂಜಿನ್ನು ಸಿಕ್ಕಿದ್ರೆ ನಿನಗಿಂತ ಒಂದು ಗುಲಗಂಜಿ ಮುಂದೆ ಬರ್ತಾನೆ ಅಂತ್ಲೂ ಅಂದಾಜು ಮಾಡಿದ್ದೆ." ಆಮೇಲೆ ತಡೆಯಲಾರದ ಹೆಮ್ಮೆಯಿಂದ, "ಎಲ್ಲಾ ಸರಿ ಬಂತು ನೋಡು," ಎಂದರು.

ಆ ಕಾರು ಇಲ್ಲದಿದ್ದರೆ ನಾನು ಗೆಲ್ಲುತ್ತೇನೆಂದು ಪೂರಾ ನಂಬಿದ್ದವರು ಆ ಗದ್ದೆಯ ಬದಿಯಲ್ಲಿ ಅವರೊಬ್ಬರೇ.

ಕಾರನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದೆ. ಕೀ ಅದರಲ್ಲೇ ಬಿಟ್ಟು ಇಳಿದೆ. "ಎಂಥ ಆಯ್ತೇ? ಪಂಚರ್ರಾ?" ಎಂದು ಕೇಳಿದರು. ನಾನು ಬಾಗಿಲು ಹಾಕಿದೆ. ನರಸಿಂಹರಾಜಪುರದ ಬಸ್ಸು ಬರುತ್ತಿತ್ತು, ಕೈ ತೋರಿಸಿದೆ, ನಿಂತಿತು. ಹಿಂದಿನ ಕಿಟಕಿಯಿಂದ ನೋಡಿದಾಗ ಅವರು ಎಡಗಡೆಯ ಸೀಟಿನಲ್ಲೇ ಕೂತಿದ್ದರು, ಎಲೆಗೆ ಸುಣ್ಣ ಹಚ್ಚುತ್ತಾ. ನಾನು ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬರುತ್ತೇನೆಂದು ಅಂದಾಜು ಮಾಡಿರಬೇಕು. ಬಹಳ ಹೊತ್ತು ಕಾದರಂತೆ.